‘ಪ’ ಕೇಳಿದರೆ ತುಟಿಗೇನು ಕೆಲಸ?

ಪ್ರಶ್ನೆ: ನನ್ನ ಮಗಳು ಎಂಎಸ್ಸಿ ಓದುತ್ತಿದ್ದಾಳೆ. ಕಳೆದ ತಿಂಗಳು ಗೆಳತಿಯೊಬ್ಬಳ ಸಂಶೋಧನೆಗೆ ವಾಲಂಟಿಯರ್ ಆಗಿ ಹೋಗಿಬಂದಳು. ತಲೆಗೆ ತಂತಿಗಳ ಟೋಪಿ ಹಾಕಿ, ಕಿವಿಗೆ ‘ಪ ಪ ಪ ತ ಪ’ ಅಂತ ಬಹಳ ಹೊತ್ತು ಕೇಳಿಸಿದರಂತೆ. ಅದರ ಕಡೆ ಗಮನ ಕೊಡಬೇಡ, ಸದ್ದಿಲ್ಲದ ಸಿನಿಮಾ ನೋಡುತ್ತಿರು ಅಂದರಂತೆ. ಆಮೇಲೆ ತಲೆಯ ಎಡಗಡೆ ಒಂದು ಅಯಸ್ಕಾಂತ ಹಿಡಿದು ‘ಟಕ್’ ಅನ್ನಿಸಿದಾಗ ತುಟಿ ತಾನಾಗಿಯೇ ಅದುರಿತಂತೆ. ಅದಾದ ಮೇಲೆ ಮತ್ತೆ ಅದೇ ‘ಪ ಪ ತ’. ಇದು ತಲೆಗೆ ಕರೆಂಟ್ ಕೊಟ್ಟ ಹಾಗಲ್ಲವೇ? ಮನಸ್ಸಿನಲ್ಲಿ ಇರುವುದು ಅವರಿಗೆ ಗೊತ್ತಾಗುತ್ತದೆಯೇ? ಇನ್ನೊಂದು ವಿಷಯ. ವರ್ಷದ ಹಿಂದೆ ಸ್ಟ್ರೋಕ್ ಆಗಿ ನಮ್ಮ ಅತ್ತೆಯವರ ಬಲಗೈ ಸೋತಿದೆ, ಮಾತು ನಿಂತಿದೆ. ‘ಕಾಫಿ’ ಎನ್ನಲು ಬರುವುದಿಲ್ಲ. ಆದರೆ ಜೊತೆಗೆ ಯಾರಾದರೂ ಶುರು ಮಾಡಿದರೆ ದೇವರನಾಮ ಹಾಡಿಬಿಡುತ್ತಾರೆ. ಇದೇ ಅಯಸ್ಕಾಂತದಿಂದ ಮಾತು ಬರಿಸುತ್ತೇವೆ ಎಂದು ಒಂದು ಕಡೆ ಹೇಳುತ್ತಿದ್ದಾರೆ, ದುಡ್ಡು ಬಹಳ. ಮಾಡಿಸಬಹುದೇ?
— ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಟೋಪಿಯಿಂದ ನಿಮ್ಮ ಮಗಳ ತಲೆಯೊಳಕ್ಕೆ ಏನೂ ಹೋಗಿಲ್ಲ. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟ ಹಾಗೆ ಅದು ಒಳಗಿನದನ್ನು ಆಲಿಸುತ್ತದೆ, ಅಷ್ಟೇ. ಅಯಸ್ಕಾಂತದ ವಿಷಯ ಬೇರೆ, ಅದರಿಂದ ಒಳಗೆ ಸಣ್ಣದೊಂದು ವಿದ್ಯುತ್ತು ಹುಟ್ಟಿದ್ದು ನಿಜ. ಅದು ಎಷ್ಟು, ಹೇಗೆ ಅಂತ ಹೇಳುತ್ತೇನೆ. ಅತ್ತೆಯವರ ವಿಷಯವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಯಾಕೆಂದರೆ ಅಲ್ಲಿ ನನ್ನ ಉತ್ತರ ಇಷ್ಟು ಸಲೀಸಾಗಿಲ್ಲ.

ಟೋಪಿ ಹಾಕುವ ಹಿಂದಿನ ದಿನ ‘ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡ’ ಎಂದು ಮಗಳಿಗೆ ಹೇಳಿಯೇ ಇರುತ್ತಾರೆ. ಇಇಜಿ, ಅಂದರೆ ತಲೆಯ ಮೇಲಿಂದಲೇ ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಪರೀಕ್ಷೆ, ಮಾಡುವವರಿಗೆ ನಮ್ಮೂರಿನಲ್ಲಿ ಮೊದಲ ಶತ್ರು ಕೊಬ್ಬರಿಎಣ್ಣೆ. ನಾನು ಕೆಲಸ ಶುರುಮಾಡಿದ ಹೊಸತರಲ್ಲಿ ಅಜ್ಜಿಯೊಬ್ಬರು ಶುಭಕಾರ್ಯಕ್ಕೆ ಹೊರಟವರಂತೆ ಎಣ್ಣೆ ಹಚ್ಚಿ, ಬಾಚಿ, ಹೂ ಮುಡಿದು ಬಂದಿದ್ದರು. ಎರಡು ಸಲ ಶಾಂಪೂ ಹಾಕಿ ತೊಳೆಸಿದರೂ ಒಂದು ಎಲೆಕ್ಟ್ರೋಡೂ ಸರಿಯಾಗಿ ಕೂರಲಿಲ್ಲ. ಇಷ್ಟು ಮಡಿ ಏಕೆಂದರೆ ನಾವು ಹಿಡಿಯಹೊರಟಿರುವುದು ಅಷ್ಟು ಸಣ್ಣದು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ನೆತ್ತಿಯ ಮೇಲಿಂದ ಮಿದುಳಿನ ವಿದ್ಯುತ್ತನ್ನು ಮೊದಲು ದಾಖಲಿಸಿ, ನಂಬಿಕೆ ಸಾಲದೆ ಐದು ವರ್ಷ ಕಾದು 1929ರಲ್ಲಿ ಪ್ರಕಟಿಸಿದ. ಅವನು ಕಂಡ ಅಲೆಗಳು ಹತ್ತಾರು ಮೈಕ್ರೋವೋಲ್ಟಿನವು. ‘ತ’ ಎಂಬ ಒಂದು ಸದ್ದಿಗೆ ಮಿದುಳು ಕೊಡುವ ಪ್ರತಿಕ್ರಿಯೆ ಅದಕ್ಕಿಂತಲೂ ಚಿಕ್ಕದು, ಎರಡೋ ಮೂರೋ ಮೈಕ್ರೋವೋಲ್ಟು. ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ಲಿನ ಒಂದೂವರೆ ವೋಲ್ಟನ್ನು ಐದು ಲಕ್ಷ ಪಾಲು ಮಾಡಿದರೆ ಒಂದು ಪಾಲು ಅಷ್ಟಾಗುತ್ತದೆ. ಕಣ್ಣು ಮಿಟುಕಿಸಿದರೆ ಇದರ ಹತ್ತಾರು ಪಟ್ಟು ಗದ್ದಲ. ಹಲ್ಲು ಕಚ್ಚಿದರೆ ಗದ್ದಲ. ಗೋಡೆಯೊಳಗಿನ ಕರೆಂಟಿನ 50 ಹರ್ಟ್ಸ್ ಗುಂಯ್ ಅಂತೂ ಸದಾ ಇದ್ದದ್ದೇ.

ಹಾಗಾದರೆ ಹಿಡಿಯುವುದು ಹೇಗೆ? ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿದ್ದೀರಲ್ಲ. ಆ ಜನಜಂಗುಳಿಯಲ್ಲಿ ದೂರದ ಒಬ್ಬ ವ್ಯಾಪಾರಿಯ ಕೂಗು ಒಂದು ಸಲಕ್ಕೆ ಕೇಳಿಸುವುದಿಲ್ಲ. ಆದರೆ ಅವನು ಒಂದೇ ಮಾತನ್ನು ಒಂದೇ ರಾಗದಲ್ಲಿ ನೂರು ಸಲ ಕೂಗುತ್ತಾನೆ. ಪ್ರತಿ ಕೂಗು ಶುರುವಾಗುವ ಕ್ಷಣವನ್ನು ಗುರುತು ಹಾಕಿಕೊಂಡು ಆ ನೂರು ತುಣುಕುಗಳನ್ನು ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆದರೆ, ಸುತ್ತಲಿನ ಗದ್ದಲ ಒಂದೊಂದು ಸಲ ಒಂದೊಂದು ಥರ ಇರುವುದರಿಂದ ತಮ್ಮತಮ್ಮಲ್ಲೇ ಹೊಡೆದುಹೋಗುತ್ತದೆ, ಕೂಗು ಉಳಿಯುತ್ತದೆ. ಲೆಕ್ಕವೂ ಇದೆ: ನೂರು ಸಲಕ್ಕೆ ಗದ್ದಲ ಹತ್ತನೇ ಒಂದಕ್ಕೆ ಇಳಿಯುತ್ತದೆ, ನಾನೂರು ಸಲಕ್ಕೆ ಇಪ್ಪತ್ತನೇ ಒಂದಕ್ಕೆ. ನಿಮ್ಮ ಮಗಳಿಗೆ ಬೇಸರ ಬರುವಷ್ಟು ‘ಪ ಪ ಪ’ ಕೇಳಿಸಿದ್ದು ಇದಕ್ಕೇ. ಮನಸ್ಸು ಓದುತ್ತಾರೆಯೇ ಎಂಬ ನಿಮ್ಮ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಒಂದೇ ಸದ್ದನ್ನು ನೂರಾರು ಸಲ ಕೇಳಿಸಿ, ಇಪ್ಪತ್ತು ಮೂವತ್ತು ಜನರ ಅಲೆಗಳನ್ನು ಒಟ್ಟುಗೂಡಿಸಿದ ಮೇಲೆ ‘ಹೂಂ, ಇಲ್ಲಿ ವ್ಯತ್ಯಾಸ ಇದೆ’ ಎನ್ನಲು ತಡಕಾಡುವವರು, ನಿಮ್ಮ ಮಗಳು ಮಧ್ಯಾಹ್ನ ಏನು ತಿನ್ನೋಣ ಎಂದು ಯೋಚಿಸಿದ್ದನ್ನು ಎಲ್ಲಿಂದ ಓದಿಯಾರು?

ಹಾಗೆ ಸರಾಸರಿ ತೆಗೆದಾಗ ಬರುವ ಗೀಟಿನಲ್ಲಿ ಒಂದಷ್ಟು ಏರಿಳಿತ ಕಾಣುತ್ತದೆ. ಸದ್ದು ಕಿವಿ ಮುಟ್ಟಿದ ಮೊದಲ 10 ಮಿಲಿಸೆಕೆಂಡಿನಲ್ಲಿ ಕಾಣುವ ಪುಟ್ಟ ಅಲೆಗಳು ಕಿವಿಯ ನರ ಮತ್ತು ಮಿದುಳಕಾಂಡದವು. ಮಕ್ಕಳ ಕಿವಿ ಪರೀಕ್ಷೆಗೆ ‘ಬೆರಾ ಟೆಸ್ಟ್’ ಬರೆದುಕೊಡುತ್ತಾರಲ್ಲ, ಅದು ನೋಡುವುದು ಇವನ್ನೇ. ಸುಮಾರು 100 ಮಿಲಿಸೆಕೆಂಡಿಗೆ ಒಂದು ದೊಡ್ಡ ತಗ್ಗು ಬರುತ್ತದೆ. ಸದ್ದು ಮಿದುಳಿನ ಹೊರಪದರಕ್ಕೆ ಬಂದು ಸೇರಿತು ಎಂಬ ರಸೀತಿ ಅದು. ನಿಮ್ಮ ಮಗಳ ಪ್ರಯೋಗದಲ್ಲಿ ಹುಡುಕುತ್ತಿದ್ದದ್ದು ಅದರ ನಂತರದ್ದು, 150ರಿಂದ 250 ಮಿಲಿಸೆಕೆಂಡಿನ ನಡುವೆ ಬರುವ ಮಿಸ್‌ಮ್ಯಾಚ್ ನೆಗೆಟಿವಿಟಿ. ಹೆಸರು ಉದ್ದ, ಸಂಗತಿ ಸರಳ. ಒಂದೇ ಸದ್ದು ಬರುತ್ತಾ ಇದ್ದು ನಡುವೆ ಬೇರೆಯದು ನುಸುಳಿದರೆ ಮಿದುಳು ‘ಅರೆ!’ ಅನ್ನುತ್ತದೆ, ನೀವು ಗಮನ ಕೊಡದಿದ್ದರೂ. ಫಿನ್ಲೆಂಡಿನ ರಿಸ್ತೊ ನಾತನೆನ್ ಮತ್ತು ಸಂಗಡಿಗರು ಇದನ್ನು 1978ರಲ್ಲಿ ವಿವರಿಸಿದರು. ಮನೆ ಮುಂದೆ ದಿನವೂ ನಿಲ್ಲುವ ಹಾಲಿನ ಗಾಡಿಯ ಸದ್ದು ಒಂದು ದಿನ ಬದಲಾದರೆ, ಅಡುಗೆಮನೆಯಲ್ಲಿ ಬೇರೇನೋ ಮಾಡುತ್ತಿದ್ದರೂ ಕಿವಿ ನಿಮಿರುತ್ತದಲ್ಲ, ಅದರ ಮೂಲರೂಪ. ಸದ್ದಿಲ್ಲದ ಸಿನಿಮಾ ತೋರಿಸಿದ್ದು ಗಮನವನ್ನು ಬೇರೆ ಕಡೆ ಕಟ್ಟಿಹಾಕಲು. ನಿದ್ದೆಯಲ್ಲಿರುವ ಹಸುಗೂಸುಗಳಲ್ಲೂ ಈ ‘ಅರೆ’ ಸಿಗುತ್ತದೆ.

ಈ ‘ಅರೆ’ಗೆ ತಾಯ್ನುಡಿ ಗೊತ್ತು ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ. ಎಸ್ಟೋನಿಯನ್ ಭಾಷೆಯಲ್ಲಿ ಒಂದು ಸ್ವರವಿದೆ, ಅದು ನೆರೆಯ ಫಿನ್ನಿಷ್ ಭಾಷೆಯಲ್ಲಿ ಇಲ್ಲ. 1997ರಲ್ಲಿ ನಾತನೆನ್ ತಂಡ ಎರಡೂ ಭಾಷೆಯವರಿಗೆ ಅದನ್ನು ಕೇಳಿಸಿ ನೋಡಿತು. ಎಸ್ಟೋನಿಯನ್ನರ ಮಿದುಳು ಜೋರಾಗಿ ‘ಅರೆ’ ಅಂದಿತು, ಫಿನ್ನರದ್ದು ಮೆಲ್ಲಗೆ. ಸದ್ದು ಒಂದೇ, ಕಿವಿಯ ರಚನೆ ಒಂದೇ. ಬೇರೆಯಾದದ್ದು ತೊಟ್ಟಿಲಿನಿಂದ ಕೇಳಿಕೊಂಡು ಬಂದ ನುಡಿ. ನಮ್ಮಲ್ಲಿ ‘ಹುಲಿ’ಗೂ ‘ಹುಳಿ’ಗೂ ಇರುವ ಅಂತರ ಎರಡು ವರ್ಷದ ಮಗುವಿಗೂ ತಿಳಿಯುತ್ತದೆ, ‘ಳ’ ಇಲ್ಲದ ನುಡಿಯಿಂದ ಬಂದು ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದವರೂ ಸಾರಿಗೆ ಹುಲಿ ಹಿಂಡುತ್ತಾರೆ. ನಗಬೇಡಿ, ಅದು ಅವರ ಸೋಮಾರಿತನ ಅಲ್ಲ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದ್ದು ಇದನ್ನೇ: ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ತ-ಕಾರ, ಟ-ಕಾರಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಿದ್ದವು, ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವು ಆ ಶಕ್ತಿಯನ್ನು ಕಳೆದುಕೊಂಡಿದ್ದವು. ಇನ್ನು ನಮ್ಮ ಕಡೆಯ ಹಕಾರ–ಅಕಾರದ ಜಗಳ, ‘ಹಾಲು’ ಎನ್ನಬೇಕಾದಲ್ಲಿ ‘ಆಲು’ ಎಂದವರನ್ನು ಮೇಷ್ಟರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದದ್ದು, ಅದನ್ನೂ ಈ ಟೋಪಿಯಡಿ ಕೂರಿಸಿ ನೋಡಬೇಕೆಂಬ ಆಸೆ ನನಗೆ ಬಹಳ ದಿನದಿಂದ ಇದೆ. ಆಡುವಾಗ ಬಿಟ್ಟ ಮಾತ್ರಕ್ಕೆ ಕೇಳುವಾಗಲೂ ಬಿಟ್ಟಿರುತ್ತಾರೆ ಎಂದು ನಾನು ನಂಬುವುದಿಲ್ಲ. ಇರಲಿ, ದಾರಿ ತಪ್ಪಿದೆ.

ಈಗ ಅಯಸ್ಕಾಂತ. ಅದು ಫ್ರಿಜ್ಜಿಗೆ ಅಂಟಿಸುವಂಥ ಅಯಸ್ಕಾಂತವಲ್ಲ, ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿದ ತಾಮ್ರದ ಸುರುಳಿ. ಯಂತ್ರದ ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತನ್ನು ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಸುರುಳಿಗೆ ಸುರಿಯುತ್ತಾರೆ. ಸುರುಳಿಯ ಬಳಿ ಕ್ಷಣಮಾತ್ರ ಒಂದೂವರೆಯಿಂದ ಎರಡು ಟೆಸ್ಲಾ ಕಾಂತಕ್ಷೇತ್ರ ಏಳುತ್ತದೆ, ಅಂದರೆ ಎಂಆರ್‌ಐ ಯಂತ್ರದೊಳಗೆ ಇರುವಷ್ಟು. ಕಾಂತಕ್ಷೇತ್ರಕ್ಕೆ ಚರ್ಮವೂ ಒಂದೇ, ಬುರುಡೆಯೂ ಒಂದೇ, ತಡೆಯಿಲ್ಲದೆ ದಾಟುತ್ತದೆ. ಬದಲಾಗುವ ಕಾಂತಕ್ಷೇತ್ರ ಹತ್ತಿರದ ವಾಹಕದಲ್ಲಿ ವಿದ್ಯುತ್ತು ಹುಟ್ಟಿಸುತ್ತದೆ ಎಂದು ಫ್ಯಾರಡೆ 1831ರಲ್ಲೇ ಕಂಡಿದ್ದ. ಇಲ್ಲಿ ಆ ವಾಹಕ ಮಿದುಳು. ಸುರುಳಿಯ ಕೆಳಗೆ ಎರಡು ಮೂರು ಸೆಂಟಿಮೀಟರ್ ಆಳದವರೆಗೆ, ಹೊರಪದರದ ಒಂದು ಸಣ್ಣ ತಾಣದ ನರಕೋಶಗಳು ಒಮ್ಮೆ ಮಿಡಿಯುತ್ತವೆ. ಅದು ಕೈಯ ತಾಣವಾದರೆ ಹೆಬ್ಬೆರಳು ಕುಣಿಯುತ್ತದೆ, ತುಟಿಯ ತಾಣವಾದರೆ ತುಟಿ ಅದುರುತ್ತದೆ. ಇದನ್ನು ಮೊದಲು ಮಾಡಿ ತೋರಿಸಿದವರು ಇಂಗ್ಲೆಂಡಿನ ಶೆಫೀಲ್ಡಿನ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು, 1985ರಲ್ಲಿ. ಅದಕ್ಕೆ ಐದು ವರ್ಷ ಮುಂಚೆ ಮರ್ಟನ್ ಮತ್ತು ಮಾರ್ಟನ್ ಎಂಬಿಬ್ಬರು ನೆತ್ತಿಗೆ ನೇರವಾಗಿ ವಿದ್ಯುತ್ತು ಹರಿಸಿ ಇದೇ ಕೆಲಸ ಮಾಡಿದ್ದರು, ಅದು ನೋಯುತ್ತಿತ್ತು. ನೀವು ‘ತಲೆಗೆ ಕರೆಂಟು’ ಎಂದು ಹೆದರಿದ್ದು ಆ ಹಳೆಯ ವಿಧಾನಕ್ಕೆ ಹೊಂದುತ್ತದೆ. ಮಗಳಿಗೆ ಆದದ್ದು ಹಣೆಯ ಪಕ್ಕ ಬೆರಳಿನಿಂದ ಚಿಮ್ಮಿದಂಥ ಅನುಭವ, ಜೊತೆಗೆ ‘ಟಕ್’ ಸದ್ದು. ಸದ್ದು ಮಾತ್ರ ಜೋರು, ಕಿವಿಗೆ ಹಾನಿ ಮಾಡುವಷ್ಟು. ಇಯರ್‌ಪ್ಲಗ್ ಕೊಟ್ಟಿದ್ದರೇ ಎಂದು ಮಗಳನ್ನು ಕೇಳಿ. ಕೊಡದಿದ್ದರೆ ಆ ಲ್ಯಾಬಿನವರ ಮೇಲೆ ನನಗೆ ಸಿಟ್ಟಿದೆ.

ಯಾರಿಗೆ ಇದು ಕೂಡದು? ಫಿಟ್ಸ್ ಬರುವವರಿಗೆ, ಪೇಸ್‌ಮೇಕರ್ ಇರುವವರಿಗೆ, ಕಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ, ತಲೆಯೊಳಗೆ ಲೋಹದ ಕ್ಲಿಪ್ ಇರುವವರಿಗೆ. ಆರೋಗ್ಯವಂತರಲ್ಲಿ ಫಿಟ್ಸ್ ಬರುವ ಅಪಾಯ ಇಲ್ಲವೇ ಇಲ್ಲ ಎನ್ನಲಾರೆ, ಆದರೆ ಅಪರೂಪದಲ್ಲಿ ಅಪರೂಪ. ಒಂದಷ್ಟು ಜನಕ್ಕೆ ಆ ದಿನ ತಲೆನೋವು ಬರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಇಂಥ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಭಾಗವಹಿಸುವವರಿಗೆ ಎಲ್ಲವನ್ನೂ ತಿಳಿಸಿ ಸಹಿ ಪಡೆಯಬೇಕು, ಮತ್ತು ಅವರು ಯಾವ ಗಳಿಗೆಯಲ್ಲಿ ಬೇಕಾದರೂ ‘ಸಾಕು’ ಎಂದು ಎದ್ದು ಬರಬಹುದು. ಮಗಳು ಸಹಿ ಹಾಕಿದ ಕಾಗದದ ಪ್ರತಿ ಮನೆಯಲ್ಲಿರಲಿ.

ಇನ್ನು ತುಟಿಗೂ ‘ಪ’ಕ್ಕೂ ಏನು ಸಂಬಂಧ? ಇದು ಆ ಪ್ರಯೋಗದ ತಿರುಳು. ನಮ್ಮ ವರ್ಣಮಾಲೆಯನ್ನು ನೆನೆಸಿಕೊಳ್ಳಿ. ಕ-ವರ್ಗ ಗಂಟಲ ಹತ್ತಿರ ಹುಟ್ಟುತ್ತದೆ, ಚ-ವರ್ಗ ಅಂಗುಳದಲ್ಲಿ, ಟ-ವರ್ಗ ನಾಲಗೆ ಮೇಲೆ ಮಡಿಸಿ, ತ-ವರ್ಗ ಹಲ್ಲಿಗೆ ತಾಕಿಸಿ, ಪ-ವರ್ಗ ತುಟಿ ಮುಚ್ಚಿ. ನಮ್ಮ ಹಿರಿಯರು ಸದ್ದುಗಳನ್ನು ಕಿವಿಗೆ ಹೇಗೆ ಕೇಳುತ್ತವೆ ಎಂದು ಜೋಡಿಸಲಿಲ್ಲ, ಬಾಯಿಯಲ್ಲಿ ಎಲ್ಲಿ ಹುಟ್ಟುತ್ತವೆ ಎಂದು ಜೋಡಿಸಿದರು. ಅಮೆರಿಕದ ಆಲ್ವಿನ್ ಲಿಬರ್ಮನ್ ಇದಕ್ಕೆ ಹತ್ತಿರದ ವಾದವನ್ನು ಕೇಳುವುದರ ಬಗ್ಗೆ ಮಂಡಿಸಿದ: ‘ಪ’ ಕೇಳಿದಾಗ ಮಿದುಳು ಅದನ್ನು ಗುರುತಿಸುವುದು ತಾನು ‘ಪ’ ಎನ್ನುವ ಬಗೆಯನ್ನು ನೆನೆದು. ಬಹುಕಾಲ ಇದು ವಾದವಾಗಿಯೇ ಉಳಿಯಿತು. ಇಇಜಿ ಎಷ್ಟು ಚೆನ್ನಾಗಿದ್ದರೂ ಎರಡು ಸಂಗತಿ ಒಟ್ಟಿಗೆ ನಡೆದವು ಎಂದಷ್ಟೇ ಹೇಳಬಲ್ಲದು, ಒಂದರಿಂದ ಇನ್ನೊಂದು ಆಯಿತು ಎನ್ನಲಾರದು. ಕಾರಣವನ್ನು ತಿಳಿಯಬೇಕಾದರೆ ಒಳಗೆ ಕೈ ಹಾಕಿ ಏನನ್ನಾದರೂ ಅಲುಗಿಸಿ ನೋಡಬೇಕು. ಅಯಸ್ಕಾಂತ ಕೊಟ್ಟದ್ದು ಆ ಕೈ.

2002ರಲ್ಲಿ ಇಟಲಿಯ ಲುಚಿಯಾನೊ ಫಾದಿಗಾ ತಂಡ, ನಾಲಗೆ ಗಟ್ಟಿಯಾಗಿ ಆಡಬೇಕಾದ ‘ರ್ರ’ ಇರುವ ಪದಗಳನ್ನು ಸುಮ್ಮನೆ ಕೇಳುವಾಗಲೂ ನಾಲಗೆಯ ತಾಣ ಹೆಚ್ಚು ಸಿದ್ಧವಾಗಿರುತ್ತದೆ ಎಂದು ಕಂಡಿತು. 2009ರಲ್ಲಿ ಆಕ್ಸ್‌ಫರ್ಡಿನ ರಿಕ್ಕಾ ಮೊಟೊನೆನ್ ಮತ್ತು ಕೇಟ್ ವಾಟ್ಕಿನ್ಸ್ ತುಟಿಯ ತಾಣವನ್ನು ಅಯಸ್ಕಾಂತದಿಂದ ಕೆಲಹೊತ್ತಿಗೆ ಮಂಕಾಗಿಸಿ ನೋಡಿದರು. ತುಟಿಯ ಕೆಲಸವಿರುವ ‘ಬ–ದ’ ಗಡಿಯನ್ನು ಗುರುತಿಸುವುದು ಮಸುಕಾಯಿತು. ತುಟಿಗೆ ಸಂಬಂಧವಿಲ್ಲದ ‘ಕ–ಗ’ ಗಡಿ ಹಾಗೇ ಇತ್ತು. ನಿಮ್ಮ ಮಗಳು ಕೂತ ಪ್ರಯೋಗದ ಅಜ್ಜಿ ಎನ್ನಬಹುದಾದದ್ದು ಅವರದೇ 2013ರ ಕೆಲಸ. ಸದ್ದಿಲ್ಲದ ವಿಡಿಯೊ, ಬದಲಾಗುವ ಮಾತಿನ ಸದ್ದು, ಇಇಜಿ ಟೋಪಿ, ಎಲ್ಲವೂ ಹೀಗೇ. ತುಟಿಯ ತಾಣವನ್ನು ಮಂಕಾಗಿಸಿದಾಗ ಮಾತಿನ ಸದ್ದಿಗೆ ಬರುವ ‘ಅರೆ’ ಕುಗ್ಗಿತು. ಪಿಯಾನೊ ಸ್ವರಕ್ಕೆ ಬರುವ ‘ಅರೆ’ ಕುಗ್ಗಲಿಲ್ಲ. ಕೈಯ ತಾಣವನ್ನು ಮಂಕಾಗಿಸಿದರೆ ಮಾತಿನ ‘ಅರೆ’ಗೆ ಏನೂ ಆಗಲಿಲ್ಲ. ಇಂಥ ಪ್ರಯೋಗದಲ್ಲಿ ತುಟಿ ಅದುರುವುದು ಸಾಮಾನ್ಯವಾಗಿ ತಾಣ ಹುಡುಕುವಾಗ; ಸಿಕ್ಕ ಮೇಲೆ ಅದುರದಷ್ಟು ಮೆಲ್ಲಗೆ, ನಿಧಾನಗತಿಯಲ್ಲಿ ಕಾಲು ಗಂಟೆ ಬಡಿಯುತ್ತಾರೆ. ಬಡಿಯುವಾಗಲೇ ಇಇಜಿ ತೆಗೆದರೆ ಆ ‘ಟಕ್’ ಸದ್ದಿಗೇ ಮಿದುಳು ಪ್ರತಿಕ್ರಿಯಿಸಿ ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ಮುಗಿದ ಮೇಲೆ ಮತ್ತೆ ‘ಪ ಪ ತ’. ಮಂಕು ಕವಿಯುವುದು ಕೆಲವು ನಿಮಿಷ, ಆಮೇಲೆ ತಾನಾಗಿ ಸರಿಹೋಗುತ್ತದೆ.

ಹಾಗಂತ ಲಿಬರ್ಮನ್ ಗೆದ್ದನೇ? ನನ್ನ ಅಭಿಪ್ರಾಯದಲ್ಲಿ ಅರ್ಧ ಮಾತ್ರ. 1975ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಜೇಮ್ಸ್ ಮಿಲ್ಲರ್ ಚಿಂಚಿಲಾ ಎಂಬ ಇಲಿಜಾತಿಯ ಪ್ರಾಣಿಗಳಿಗೆ ‘ಡ’ ಮತ್ತು ‘ಟ’ದ ನಡುವಣ ಸದ್ದುಗಳನ್ನು ಕೇಳಿಸಿದ್ದರು, ಅವು ಹೆಚ್ಚುಕಡಿಮೆ ಮನುಷ್ಯರು ಗೆರೆ ಎಳೆಯುವಲ್ಲೇ ಗೆರೆ ಎಳೆದವು. ಜನ್ಮದಲ್ಲಿ ‘ಟ’ ಎನ್ನದ ಪ್ರಾಣಿ ಅದು. ಇನ್ನೂ ತೊದಲದ ಕೂಸುಗಳೂ ಸದ್ದುಗಳನ್ನು ಬೇರ್ಪಡಿಸುತ್ತವೆ. ಕೇಳುವ ಕೆಲಸದಲ್ಲಿ ತುಟಿ ನಾಲಗೆಗಳ ತಾಣ ಊರುಗೋಲು ಕೊಡುತ್ತದೆ, ಗದ್ದಲದಲ್ಲಿ ಬಹುಶಃ ಹೆಚ್ಚಾಗಿ. ಆದರೆ ನಡೆಯುವ ಕಾಲು ಕಿವಿಯದೇ.

ನಿಮ್ಮ ಅತ್ತೆಯವರ ವಿಷಯಕ್ಕೆ ಬರೋಣ. ಬಲಗೈ ಸೋತು ಮಾತು ಹೋಗಿದೆ ಎಂದರೆ ಪೆಟ್ಟು ಮಿದುಳಿನ ಎಡಭಾಗಕ್ಕೆ ಬಿದ್ದಿದೆ. ಇದಕ್ಕೆ ಅಫೇಸಿಯಾ ಎನ್ನುತ್ತೇವೆ. 1861ರಲ್ಲಿ ಪ್ಯಾರಿಸಿನ ಪಾಲ್ ಬ್ರೋಕಾ ಎದುರು ‘ತಾನ್’ ಎಂಬ ಒಂದೇ ಉಲಿಯ ರೋಗಿ ಬಂದ ಕಾಲದಿಂದ ಇದನ್ನು ನೋಡುತ್ತಾ ಬಂದಿದ್ದೇವೆ. ‘ಕಾಫಿ’ ಎನ್ನಲಾಗದವರು ದೇವರನಾಮ ಹಾಡುವುದು, ಒಂದು ಎರಡು ಮೂರು ಎಣಿಸುವುದು, ಕೆಲವರು ಸಿಟ್ಟು ಬಂದಾಗ ಮುತ್ತಿನಂತೆ ಬೈಯುವುದು, ಇದೆಲ್ಲ ಈ ಕಾಯಿಲೆಯಲ್ಲಿ ಕಾಣುವಂಥದ್ದೇ. ಬಾಯಿಪಾಠವಾಗಿ ಸರಪಳಿಯಂತೆ ಬರುವ ಮಾತು ಬೇರೆ, ಹೊಸದಾಗಿ ಹೆಣೆಯಬೇಕಾದ ಮಾತು ಬೇರೆ. ಅವರು ಬೇಕೆಂದು ಮಾಡುತ್ತಿಲ್ಲ ಎಂಬುದನ್ನು ಮನೆಯವರಿಗೆಲ್ಲ ಒಮ್ಮೆ ಹೇಳಿ. ‘ಹಾಡಲು ಬರುತ್ತೆ, ಕಾಫಿ ಕೇಳಲು ಬರಲ್ವಾ’ ಎಂಬ ಮಾತು ನಾನು ನೋಡಿದ ಅದೆಷ್ಟೋ ಮನೆಗಳಲ್ಲಿ ಬಂದುಹೋಗಿದೆ, ರೋಗಿ ಅದನ್ನು ಕೇಳಿಸಿಕೊಂಡು ಕಣ್ಣೀರು ಹಾಕಿದ್ದೂ ಉಂಟು.

ಅಯಸ್ಕಾಂತದಿಂದ ಮಾತು ಬರುತ್ತದೆಯೇ? ಖಿನ್ನತೆಗೆ ಈ ಚಿಕಿತ್ಸೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಒಪ್ಪಿತು. ಬೆಂಗಳೂರಿನಲ್ಲೂ ಮನೋವೈದ್ಯರು ಬಳಸುತ್ತಿದ್ದಾರೆ. ಅಲ್ಲಿ ಅದಕ್ಕೆ ಗಟ್ಟಿ ನೆಲೆ ಇದೆ. ಅಫೇಸಿಯಾದಲ್ಲಿ ಅಷ್ಟು ನೆಲೆ ಇಲ್ಲ. ಎಡಭಾಗಕ್ಕೆ ಪೆಟ್ಟು ಬಿದ್ದಾಗ ಬಲಭಾಗ ವಿಪರೀತ ಚುರುಕಾಗಿ ಎಡದ ಚೇತರಿಕೆಗೆ ಅಡ್ಡಿಯಾಗುತ್ತದೆ, ಹಾಗಾಗಿ ಬಲಭಾಗವನ್ನು ನಿಧಾನಗತಿಯ ಮಿಡಿತದಿಂದ ತಣಿಸೋಣ ಎಂಬುದು ಅಲ್ಲಿನ ಆಲೋಚನೆ. ಕೆಲವರಲ್ಲಿ ವಸ್ತುಗಳ ಹೆಸರು ಹೇಳುವುದು ಸ್ವಲ್ಪ ಸುಧಾರಿಸಿದೆ, ಅದೂ ಸ್ಪೀಚ್ ಥೆರಪಿಯ ಜೊತೆ ಕೊಟ್ಟಾಗ. ಆದರೆ ತಮಾಷೆ ನೋಡಿ: ಹಾಡಿನ ಧಾಟಿಯಲ್ಲಿ ಮಾತು ಕಲಿಸುವ ಹಳೆಯ ವಿಧಾನ ಒಂದಿದೆ, 1973ರಲ್ಲಿ ಬಾಸ್ಟನ್ನಿನವರು ರೂಪಿಸಿದ್ದು. ಅದರ ಹಿಂದಿನ ಆಲೋಚನೆ ಬಲಭಾಗವನ್ನು ಕೆಲಸಕ್ಕೆ ಹಚ್ಚೋಣ ಎಂದು. ಒಬ್ಬರು ಬಲವನ್ನು ಎಬ್ಬಿಸುತ್ತೇವೆ ಎನ್ನುತ್ತಾರೆ, ಇನ್ನೊಬ್ಬರು ಮಲಗಿಸುತ್ತೇವೆ ಎನ್ನುತ್ತಾರೆ. ಯಾರಿಗೆ ಯಾವುದು ಹಿಡಿಸುತ್ತದೆ ಎಂಬುದು ಪೆಟ್ಟು ಎಷ್ಟು ದೊಡ್ಡದು, ಎಡದಲ್ಲಿ ಎಷ್ಟು ಉಳಿದಿದೆ ಎಂಬುದರ ಮೇಲೆ ನಿಂತಿದೆ. ಇಷ್ಟು ಗೋಜಲಿರುವಾಗ ಯಾರಾದರೂ ‘ಇಷ್ಟು ಸಿಟ್ಟಿಂಗ್, ಇಷ್ಟು ದುಡ್ಡು, ಮಾತು ಗ್ಯಾರಂಟಿ’ ಎಂದರೆ ಚಪ್ಪಲಿ ಹಾಕಿಕೊಂಡು ಎದ್ದು ಬನ್ನಿ.

ಗ್ಯಾರಂಟಿ ಕೊಡದೆ, ನರವೈದ್ಯರೇ ನೋಡಿ, ‘ಪ್ರಯತ್ನಿಸಬಹುದು’ ಎಂದರೆ ಆಗ ಕೇಳಿ: ಸ್ಟ್ರೋಕ್ ಆದ ಮೇಲೆ ಇವರಿಗೆ ಒಮ್ಮೆಯಾದರೂ ಫಿಟ್ಸ್ ಬಂದಿದೆಯೇ ಎಂದು ವಿಚಾರಿಸಿದಿರಾ? ಸ್ಕ್ಯಾನ್ ನೋಡಿ ತಾಣ ನಿರ್ಧರಿಸುತ್ತೀರಾ? ಅದೇ ಹೊತ್ತಿಗೆ ಸ್ಪೀಚ್ ಥೆರಪಿ ಯಾರು ಕೊಡುತ್ತಾರೆ? ಮೂರನೆಯದಕ್ಕೆ ಉತ್ತರ ತಡವರಿಸಿದರೆ ದುಡ್ಡು ಉಳಿಸಿಕೊಳ್ಳಿ. ಥೆರಪಿಗೆ ನಿಮ್ಹಾನ್ಸ್ ಇದೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ವರ್ಷ ಕಳೆಯಿತು, ಇನ್ನೇನು ಎಂದು ಕೈಬಿಡಬೇಡಿ. ವರ್ಷದ ನಂತರವೂ ಒತ್ತಾಗಿ ಕೊಟ್ಟ ಥೆರಪಿಯಿಂದ ಮಾತು ಸುಧಾರಿಸಿದವರಿದ್ದಾರೆ. ಅತ್ತೆಯವರು ಮನೆಯಲ್ಲಿ ಆಡುತ್ತಿದ್ದ ನುಡಿಯಲ್ಲೇ ಥೆರಪಿ ನಡೆಯಬೇಕೆಂದು ಹಟ ಹಿಡಿಯಿರಿ. ಮತ್ತೆ, ಕಿವಿಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಆ ವಯಸ್ಸಿನಲ್ಲಿ ಎಷ್ಟೋ ಸಲ ಒಂದಷ್ಟು ತೊಂದರೆ ಕೇಳಿಸದೇ ಇರುವುದರದ್ದಾಗಿರುತ್ತದೆ, ಎಲ್ಲವನ್ನೂ ಸ್ಟ್ರೋಕಿನ ಲೆಕ್ಕಕ್ಕೆ ಬರೆಯುತ್ತೇವೆ.

ಅಲ್ಲಿಯವರೆಗೆ ಮನೆಯಲ್ಲಿ ಒಂದು ಕೆಲಸ ಮಾಡಿ. ಬೆಳಿಗ್ಗೆ ಕಾಫಿ ಲೋಟವನ್ನು ಅವರ ಕಣ್ಣೆದುರು ಇಟ್ಟು, ಎದುರಿಗೆ ಕುಳಿತು, ಅವರ ಎಡಗೈಯನ್ನು ನಿಮ್ಮ ಕೈಯಲ್ಲಿ ಹಿಡಿದು ಮೇಜಿನ ಮೇಲೆ ಮೆಲ್ಲಗೆ ತಾಳ ಹಾಕುತ್ತಾ ‘ಕಾ-ಫಿ ಬೇ-ಕು’ ಎಂದು ದೇವರನಾಮದ ಧಾಟಿಯಲ್ಲೇ ಎಳೆದು ಹೇಳಿ. ನಾಲ್ಕು ದಿನ ನೀವೇ ಹೇಳಿ. ಐದನೆಯ ದಿನ ‘ಕಾ-ಫಿ ಬೇ…’ ಎಂದು ನಿಲ್ಲಿಸಿ, ಅವರ ತುಟಿಯನ್ನು ನೋಡುತ್ತಾ ಕಾಯಿರಿ. ಹತ್ತು ಸೆಕೆಂಡಾದರೂ ಕಾಯಿರಿ, ನಡುವೆ ನೀವೇ ಹೇಳಿಬಿಡಬೇಡಿ. ಬಂದರೂ ಬಾರದಿದ್ದರೂ ಕಾಫಿ ಮಾತ್ರ ಬಿಸಿಯಾಗಿರುವಾಗಲೇ ಕೊಡಿ.